ನೆರಳುಗಳಿಂದ ಚಿತ್ರ ಕಟ್ಟಿದವರು: ಜಿ. ಎನ್. ರಾಮಚಂದ್ರನ್

ಚೆನ್ನೈಗೆ ಓದಲು ಬಂದಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಎಂಜಿನಿಯರಿಂಗ್ ಹಿಡಿದವರೇ ಹೆಚ್ಚು. ಅವರಲ್ಲಿ ಹಲವರಿಗೆ ಡಿಜಿಟಲ್ ಚಿತ್ರ ಸಂಸ್ಕರಣೆಯ ಲ್ಯಾಬ್ ಒಂದು ಕಡ್ಡಾಯದ ಮೆಟ್ಟಿಲು. ಮೊದಲ ವಾರ ಒಂದು ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು, ಅದು ಬರೀ ಅಂಕಿಗಳ ಕೋಷ್ಟಕ ಅಂತ ಕಣ್ಣಾರೆ ಕಾಣುವುದು. ಆಮೇಲೆ ಮಂಕಾದ ಚಿತ್ರಕ್ಕೆ ಬೆಳಕು ಕೊಡುವುದು, ಚುಕ್ಕೆಚುಕ್ಕೆಯಾಗಿ ಕೆಟ್ಟದ್ದನ್ನು ಸರಿಮಾಡುವುದು, ಅಂಚುಗಳನ್ನು ಹುಡುಕುವುದು. ಸೆಮಿಸ್ಟರಿನ ಕೊನೆಯಲ್ಲಿ ಒಂದು ಅಭ್ಯಾಸ ಬರುತ್ತದೆ: ವಸ್ತುವಿನ ನೆರಳುಗಳನ್ನಷ್ಟೇ ಕೊಟ್ಟು, ಅವುಗಳಿಂದ ಆ ವಸ್ತುವಿನ ಒಳಚಿತ್ರವನ್ನು ಕಟ್ಟು ಅನ್ನುತ್ತಾರೆ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಯಂತ್ರ ಮಾಡುವುದು ಇದನ್ನೇ.

ಮ್ಯಾಟ್‌ಲ್ಯಾಬ್ ಎಂಬ ತಂತ್ರಾಂಶದಲ್ಲಿ ಇದಕ್ಕೆ ಒಂದೇ ಸಾಲಿನ ಆಜ್ಞೆ ಸಾಕು. ಯಾವ ಸೋಸುಕ, ಅಂದರೆ ಫಿಲ್ಟರ್, ಬೇಕೆಂದು ನಾವು ಹೇಳದೆ ಬಿಟ್ಟರೆ ಅದು ತಾನಾಗಿಯೇ ಒಂದನ್ನು ಹಾಕಿಕೊಳ್ಳುತ್ತದೆ. ಅದರ ಹೆಸರು ರಾಮ್-ಲಾಕ್. ನಾನು ಈ ಹೆಸರನ್ನು ರೆಕಾರ್ಡ್ ಬುಕ್ಕಿನಲ್ಲಿ ನೀಟಾಗಿ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ. ನಮ್ಮ ಸಂಘದ ಗೆಳೆಯನೊಬ್ಬ, ಸಾಹಿತ್ಯ ಓದುವವನು, ಆ ಪುಟ ನೋಡಿ ಇದೇನಯ್ಯಾ ರಾಮ ಲಕ್ಷ್ಮಣರು ನಿಮ್ಮ ಲ್ಯಾಬಿಗೂ ಬಂದರಾ ಅಂತ ಕೇಳಿದ. ನಾನು ನಕ್ಕೆ. ಉತ್ತರ ಮಾತ್ರ ನನಗೆ ಗೊತ್ತಿರಲಿಲ್ಲ. ಅಭ್ಯಾಸ ಮುಗಿಸಿ ಸಹಿಯನ್ನೂ ಹಾಕಿಸಿಕೊಂಡಿದ್ದವನು ನಾನು.

ರಾಮ್ ಅಂದರೆ ರಾಮಚಂದ್ರನ್, ಲಾಕ್ ಅಂದರೆ ಲಕ್ಷ್ಮೀನಾರಾಯಣನ್. ಮೊದಲನೆಯವರು ಇದೇ ಊರಿನ ಗಿಂಡಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು, ನಮ್ಮ ಬೆಂಗಳೂರಿನಲ್ಲಿ ವಿಜ್ಞಾನ ಕಲಿತವರು, ಇದೇ ಊರಿನಲ್ಲಿ ಕೊನೆಯುಸಿರೆಳೆದವರು. ಈ ಬರಹ ಅವರ ಬಗ್ಗೆ.

ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಳಂನಲ್ಲಿ. ಮನೆತನದ ಮೂಲ ತಮಿಳುನಾಡಿನ ತಿರುನೆಲ್ವೇಲಿ ಕಡೆಯದು. ತಂದೆ ಎರ್ನಾಕುಳಂನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮನೆಯಲ್ಲೇ ಗಣಿತ ಇತ್ತು ಅನ್ನಿ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಮುಗಿಸಿ 1942ರಲ್ಲಿ ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದರು. ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗಿಗೆ. ಆದರೆ ಅಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರು ಸಿ. ವಿ. ರಾಮನ್. ಹುಡುಗನ ಮನಸ್ಸು ಅತ್ತ ಎಳೆಯಿತು. ರಾಮನ್‌ಗೂ ಹುಡುಗ ಹಿಡಿಸಿದ. ಈತ ನಿಮ್ಮ ವಿಭಾಗದಲ್ಲಿರಲು ತುಸು ಹೆಚ್ಚೇ ಬುದ್ಧಿವಂತ ಅಂತ ಎಲೆಕ್ಟ್ರಿಕಲ್ಲಿನ ಮುಖ್ಯಸ್ಥರಿಗೆ ಹೇಳಿ ರಾಮನ್ ಅವನನ್ನು ತಮ್ಮ ಕಡೆಗೆ ಕರೆದುಕೊಂಡರು ಎಂಬ ಕಥೆ ಪ್ರಸಿದ್ಧವಾಗಿದೆ. ಎಂಜಿನಿಯರಿಂಗ್ ಗೆಳೆಯರು ಬೇಸರ ಮಾಡಿಕೊಳ್ಳಬೇಡಿ!

ರಾಮನ್ ಅವರ ಹತ್ತಿರ ಕಲಿಯುವುದೆಂದರೆ ಬೆಳಕಿನ ಜತೆ ಕೈಯಾರೆ ಆಡುವುದು. ಬೆಳಕು ಸಣ್ಣ ವಸ್ತುಗಳ ನಡುವೆ ಹಾಯ್ದಾಗ ಹರಡಿ ಗೆರೆ, ಉಂಗುರಗಳನ್ನು ಮೂಡಿಸುತ್ತದಲ್ಲ, ಅಂಥ ವಿನ್ಯಾಸಗಳನ್ನು ನೋಡಿ ಅದರ ಹಿಂದೆ ಏನಿದೆ ಅಂತ ಹೇಳಬೇಕು. ರಾಮಚಂದ್ರನ್ ಆ ವಿದ್ಯೆಯನ್ನು ಕ್ಷ-ಕಿರಣಕ್ಕೂ ಒಯ್ದರು. ವಜ್ರದ ಹರಳಿಗೆ ಕ್ಷ-ಕಿರಣ ಹಾಯಿಸಿ, ಹೊರಗಣ್ಣಿಗೆ ಕಾಣದ ಒಳಗಿನ ಏರುಪೇರುಗಳನ್ನು ಚಿತ್ರವಾಗಿ ಹಿಡಿದ ಅವರ ಲೇಖನ 1944ರದು. ಆಗ ವಯಸ್ಸು ಇಪ್ಪತ್ತರ ಆಸುಪಾಸು. ಒಳಗಿರುವುದನ್ನು ಕೊಯ್ಯದೆ ಕಾಣುವುದು ಹೇಗೆ ಎನ್ನುವ ಪ್ರಶ್ನೆ ಅವತ್ತಿನಿಂದ ಅವರನ್ನು ಬಿಡಲಿಲ್ಲ.

1947ರಿಂದ 49ರವರೆಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದು, ಕ್ಯಾವೆಂಡಿಶ್ ಪ್ರಯೋಗಶಾಲೆಯಲ್ಲಿ ಎರಡನೆಯ ಡಾಕ್ಟರೇಟ್ ಪಡೆದರು. ಅಲ್ಲೇ ಉಳಿಯಬಹುದಿತ್ತೇನೋ, ಉಳಿಯಲಿಲ್ಲ. ಬೆಂಗಳೂರಿಗೆ ಮರಳಿ ಸಹಾಯಕ ಪ್ರಾಧ್ಯಾಪಕರಾದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರು ಹೊಸ ಭೌತವಿಜ್ಞಾನ ವಿಭಾಗಕ್ಕೆ ಯಜಮಾನರನ್ನು ಹುಡುಕುತ್ತಿದ್ದರು. ರಾಮನ್ ಈ ಶಿಷ್ಯನ ಹೆಸರು ಹೇಳಿದರು. ಹೀಗೆ ಇನ್ನೂ ಮೂವತ್ತು ತುಂಬದ ರಾಮಚಂದ್ರನ್ ಗಿಂಡಿಗೆ ಬಂದು ಪ್ರಾಧ್ಯಾಪಕರ ಕುರ್ಚಿಯಲ್ಲಿ ಕುಳಿತರು.

ಕುರ್ಚಿ ಸಿಕ್ಕಿತು, ಸರಿ. ಕೆಲಸ ಯಾವುದು? ಅದೇ ಹೊತ್ತಿಗೆ ಮದ್ರಾಸಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಮಾತಿನ ನಡುವೆ ಕೊಲಾಜೆನ್ನಿನ ರಚನೆ ಇನ್ನೂ ಯಾರಿಗೂ ಸರಿಯಾಗಿ ಗೊತ್ತಾಗಿಲ್ಲ ಎಂದರು. ಕೊಲಾಜೆನ್ ಅಂದರೆ ನಮ್ಮ ಚರ್ಮ, ಮೂಳೆ, ಸ್ನಾಯುಗಳನ್ನು ಮೂಳೆಗೆ ಕಟ್ಟುವ ಹುರಿಗಳು, ಇವೆಲ್ಲಕ್ಕೂ ಆಧಾರವಾದ ಪ್ರೊಟೀನು. ದೂರದ ದೇಶಕ್ಕೆ ಓಡಬೇಕಾದ ಪ್ರಶ್ನೆ ಅದಾಗಿರಲಿಲ್ಲ. ಅಡ್ಯಾರಿನಲ್ಲಿ, ಕೂಗಳತೆಯಲ್ಲೇ ಅನ್ನಿ, ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇತ್ತು. ಚರ್ಮ ಇದ್ದಲ್ಲಿ ಕೊಲಾಜೆನ್ ಇರಲೇಬೇಕಲ್ಲ! ನೆರೆಮನೆಯಿಂದ ಸಕ್ಕರೆ ಕಡ ತರುವ ಹಾಗೆ ಅಲ್ಲಿಂದ ಮಾದರಿ ತಂದು ಕ್ಷ-ಕಿರಣದ ಮುಂದಿಟ್ಟರು.

ಕ್ಷ-ಕಿರಣದ ಚಿತ್ರದಲ್ಲಿ ಕೊಲಾಜೆನ್ ನೇರವಾಗಿ ಕಾಣುವುದಿಲ್ಲ. ಫಿಲ್ಮಿನ ಮೇಲೆ ಕೆಲವು ಚುಕ್ಕೆ, ಕೆಲವು ಮಂಕು ಪಟ್ಟೆಗಳು ಬೀಳುತ್ತವೆ. ಅವುಗಳಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಹೋಗಿ ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಅಂತ ಹೇಳಬೇಕು. ರಾಮಚಂದ್ರನ್ ಮತ್ತು ಅವರ ಜತೆಗಾರ ಗೋಪಿನಾಥ್ ಕರ್ತಾ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ತಮ್ಮ ಉತ್ತರ ಪ್ರಕಟಿಸಿದರು: ಕೊಲಾಜೆನ್ ಮೂರೆಳೆಯ ಹುರಿ. ಮರುವರ್ಷ ಅದನ್ನೇ ತಿದ್ದಿ, ಮೂರೆಳೆಗಳೂ ಒಂದನ್ನೊಂದು ಸುತ್ತಿಕೊಂಡು ಹೊಸೆದಿವೆ ಎಂದರು. ಚಂದ್ರ ಭೂಮಿಯನ್ನು ಸುತ್ತುತ್ತಲೇ ತಾನೂ ತಿರುಗಿ ನಮಗೆ ಸದಾ ಒಂದೇ ಮುಖ ತೋರಿಸುತ್ತಾನಲ್ಲ, ಅದನ್ನು ನೆನೆದಾಗ ಈ ಹೊಸೆತ ಹೊಳೆಯಿತೆಂದು ಹೇಳುವುದುಂಟು. ನಮ್ಮೂರ ಹಗ್ಗ ಹೊಸೆಯುವವರು ನೋಡಿದ್ದರೆ ಇದರಲ್ಲೇನು ದೊಡ್ಡದು ಅನ್ನುತ್ತಿದ್ದರೋ ಏನೋ.

ಗೆಳೆಯರೇ, ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮುಟ್ಟಿದ್ದು ಇದರ ಮುಂದಿನ ಭಾಗ. 1955ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಈ ರಚನೆಯಲ್ಲಿ ತಪ್ಪು ಹುಡುಕಿದರು. ಕ್ರಿಕ್ ಅಂದರೆ ಎರಡು ವರ್ಷದ ಹಿಂದಷ್ಟೇ ವಾಟ್ಸನ್ ಜತೆ ಡಿ.ಎನ್.ಎ. ರಚನೆ ಹೇಳಿ ಜಗತ್ತಿನ ಮಾತಾದವರು. ಮೂರೆಳೆಯೇನೋ ಸರಿ, ಆದರೆ ಮದ್ರಾಸಿನವರ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ, ಎಳೆಗಳನ್ನು ಕಟ್ಟುವ ಹೈಡ್ರೋಜನ್ ಬಂಧಗಳ ಸಂಖ್ಯೆಯೂ ಹೆಚ್ಚಾಗಿದೆ ಎಂಬುದು ಅವರ ಆಕ್ಷೇಪ. ನಮ್ಮ ರೆಕಾರ್ಡ್ ಬುಕ್ಕಿನಲ್ಲಿ ಕೆಂಪು ಶಾಯಿ ಬಿದ್ದರೇ ನಾವು ಒಂದು ವಾರ ಮುಖ ಸಣ್ಣ ಮಾಡುತ್ತೇವೆ. ಇದು ಇಡೀ ಲೋಕ ಓದುವ ಪತ್ರಿಕೆಯಲ್ಲಿ ಬಿದ್ದ ಕೆಂಪು ಶಾಯಿ.

ಇರಬಾರದಷ್ಟು ಹತ್ತಿರ ಅಂದರೆ ಎಷ್ಟು ಹತ್ತಿರ? ರಾಮಚಂದ್ರನ್ ಹಿಡಿದದ್ದು ಈ ಪ್ರಶ್ನೆಯನ್ನು. ವಾದಕ್ಕೆ ವಾದ ಹೂಡುತ್ತ ಕೂರದೆ ಅದನ್ನೊಂದು ಅಭ್ಯಾಸದ ಲೆಕ್ಕ ಮಾಡಿಕೊಂಡರು. ಆ ತನಕ ರಚನೆ ತಿಳಿದಿದ್ದ ಹರಳುಗಳನ್ನೆಲ್ಲ ಜಾಲಾಡಿ, ಕಾರ್ಬನ್ನಿಗೂ ಕಾರ್ಬನ್ನಿಗೂ, ಕಾರ್ಬನ್ನಿಗೂ ಆಕ್ಸಿಜನ್ನಿಗೂ, ಹೀಗೆ ಒಂದೊಂದು ಜೋಡಿಗೂ ನಡುವೆ ಕನಿಷ್ಠ ಎಷ್ಟು ದೂರ ಇರುತ್ತದೆಂದು ಪಟ್ಟಿ ಮಾಡಿದರು. ಪ್ರೊಟೀನಿನ ಸರಪಳಿ ಒಂದೊಂದು ಕೊಂಡಿಯಲ್ಲೂ ಎರಡು ಕೋನಗಳಲ್ಲಿ ತಿರುಗಬಲ್ಲದು. ಆ ಎರಡು ಕೋನಗಳನ್ನು ಅಡ್ಡಕ್ಕೂ ಉದ್ದಕ್ಕೂ ಇಟ್ಟು, ಯಾವ ಜಾಗದಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಎಲ್ಲಿ ಹೊಡೆಯುವುದಿಲ್ಲ ಅಂತ ಒಂದು ನಕ್ಷೆ ಬರೆದರು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜತೆ ಸೇರಿ ಅದನ್ನು ಪ್ರಕಟಿಸಿದ್ದು 1963ರಲ್ಲಿ. ನಕ್ಷೆಯಲ್ಲಿ ಬಹುಪಾಲು ಜಾಗ ನಿಷಿದ್ಧ. ಅಲ್ಲಲ್ಲಿ ಒಂದೆರಡು ದ್ವೀಪಗಳಲ್ಲಿ ಮಾತ್ರ ಪ್ರೊಟೀನು ಇರಬಲ್ಲದು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಪ್ರೊಟೀನಿನ ರಚನೆ ಬಂದರೂ ಅದು ಸರಿಯೋ ತಪ್ಪೋ ಎಂದು ಮೊದಲು ಈ ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಹೈಡ್ರೋಜನ್ ಬಂಧದ ಲೆಕ್ಕದಲ್ಲಿ ಕಾಲಾಂತರದಲ್ಲಿ ರಿಚ್ ಮತ್ತು ಕ್ರಿಕ್ ಹೇಳಿದ್ದೇ ಹೆಚ್ಚು ಸರಿ ಎಂದಾಯಿತು. ಮೂರೆಳೆಯ ಹೊಸೆತ ನಿಂತಿತು. ತಪ್ಪು ಹುಡುಕಿದ್ದರಿಂದಲೇ ಕೊಲಾಜೆನ್ನಿಗಿಂತ ದೊಡ್ಡ ಕೆಲಸ ಹುಟ್ಟಿತು.

ಇನ್ನು ನಮ್ಮ ಲ್ಯಾಬಿನ ರಾಮ್-ಲಾಕ್‌ಗೆ ಬರೋಣ. 1970ರ ಹೊತ್ತಿಗೆ ಅವರು ಮದ್ರಾಸ್ ಬಿಟ್ಟರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ಘಟಕವನ್ನು ಕಟ್ಟಿದರು. ಜತೆಗೆ ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದ ಸಂಬಂಧವೂ ಇತ್ತು. ಆಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ವೈರಸ್ಸಿನಂಥ ಸಣ್ಣ ವಸ್ತುಗಳ ಪೂರ್ಣ ಆಕಾರ ಕಟ್ಟುವ ಪ್ರಯತ್ನ ನಡೆದಿತ್ತು. 1968ರಲ್ಲಿ ಕೇಂಬ್ರಿಜ್‌ನ ಡಿರೋಸಿಯರ್ ಮತ್ತು ಕ್ಲೂಗ್ ಇದನ್ನು ಫೂರಿಯರ್ ವಿಧಾನದಿಂದ ಮಾಡಿ ತೋರಿಸಿದ್ದರು. ಚಿತ್ರವನ್ನು ಅಲೆಗಳಾಗಿ ಒಡೆದು, ಅಲೆಗಳ ಲೋಕದಲ್ಲಿ ಜೋಡಿಸಿ, ಮತ್ತೆ ಚಿತ್ರಕ್ಕೆ ಮರಳುವ ದಾರಿ ಅದು. ರಾಮಚಂದ್ರನ್‌ಗೆ ಆ ದಾರಿ ಕರತಲಾಮಲಕ. ಹರಳು ವಿಜ್ಞಾನದಲ್ಲಿ ಫೂರಿಯರ್ ವಿಧಾನಗಳ ಬಗ್ಗೆ ಆರ್. ಶ್ರೀನಿವಾಸನ್ ಜತೆ ಬರೆದ ಅವರ ಪುಸ್ತಕ 1970ರಲ್ಲಿ ಹೊರಬಂದಿತ್ತು. ಅಷ್ಟು ಬಲ್ಲವರೇ ಕೇಳಿದರು: ಅಲೆಗಳ ಲೋಕಕ್ಕೆ ಹೋಗಿ ಬರುವ ಈ ಪ್ರಯಾಣ ಬೇಕೇ ಬೇಕಾ? ನೆರಳಿನ ಅಂಕಿಗಳನ್ನೇ ನೇರವಾಗಿ ತಿದ್ದಿ ಚಿತ್ರ ಮಾಡಲಾಗದೆ?

ಅವರು ಏನು ಮಾಡಿದರೆಂದು ತಿಳಿಯಲು ಒಂದು ಕಾಗದ, ಪೆನ್ಸಿಲು ಸಾಕು. ಸಾಹಿತ್ಯದ ಗೆಳೆಯರೂ ಮಾಡಿ ನೋಡಬಹುದು. ಒಂಬತ್ತು ಮನೆಗಳ ಚೌಕ ಬರೆಯಿರಿ, ಮೂರು ಸಾಲು, ಮೂರು ಕಂಬ. ನಟ್ಟನಡುವಿನ ಮನೆಯಲ್ಲಿ 10, ಉಳಿದೆಲ್ಲ ಸೊನ್ನೆ. ಎಡದಿಂದ ಬೆಳಕು ಬಿಟ್ಟರೆ ಬೀಳುವ ನೆರಳು ಸಾಲುಗಳ ಮೊತ್ತ: 0, 10, 0. ಮೇಲಿನಿಂದ ಬಿಟ್ಟರೆ ಕಂಬಗಳ ಮೊತ್ತ: ಅದೂ 0, 10, 0. ಈಗ ಮೂಲ ಚೌಕವನ್ನು ಮರೆತುಬಿಡಿ; ನೆರಳುಗಳು ಮಾತ್ರ ಕೈಯಲ್ಲಿವೆ. ಬಂದ ದಾರಿಯಲ್ಲೇ ಅವನ್ನು ಹಿಂದಕ್ಕೆ ಬಳಿಯಿರಿ, ಅಂದರೆ ಪ್ರತಿ ಸಾಲಿಗೂ ಅದರ ಮೊತ್ತ, ಪ್ರತಿ ಕಂಬಕ್ಕೂ ಅದರ ಮೊತ್ತ ತುಂಬಿ ಕೂಡಿಸಿ. ನಡುಮನೆಗೆ 20 ಬರುತ್ತದೆ. ಆದರೆ ಅದರ ನಾಲ್ಕು ನೆರೆಮನೆಗಳಿಗೂ 10 ಬರುತ್ತದೆ! ಏನೂ ಇಲ್ಲದ ಮನೆಗಳಲ್ಲಿ ಅರ್ಧದಷ್ಟು ಭೂತ. ನಿಜವಾದ ಚಿತ್ರದಲ್ಲಿ ಇದೇ ಭೂತ ಎಲ್ಲ ಕಡೆ ಹರಡಿ, ತಲೆಬುರುಡೆಯ ಚಿತ್ರ ಮಂಜು ಕವಿದ ಊಟಿಯ ಹಾಗೆ ಕಾಣುತ್ತದೆ. ಲ್ಯಾಬಿನಲ್ಲಿ ಸೋಸುಕ ಬೇಡ ಅಂತ ಕೊಟ್ಟಾಗ ನನಗೆ ಬಂದಿದ್ದು ಅದೇ.

ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಹೇಳಿದ್ದು ಇಷ್ಟು: ಹಿಂದಕ್ಕೆ ಬಳಿಯುವ ಮೊದಲು ನೆರಳನ್ನು ತಿದ್ದಿರಿ. ನೆರಳಿನ ಒಂದೊಂದು ಅಂಕಿಗೂ ತನ್ನ ಕಾಲು ಪಾಲು, ಅಂದರೆ 0.25, ಇರಲಿ. ಅಕ್ಕಪಕ್ಕದ ಮನೆಗೆ ಅದು ಋಣವಾಗಿ ಸುಮಾರು 0.1 ಭಾಗ ಕೊಡಲಿ. ಎರಡು ಮನೆ ಆಚೆಗೆ ಸೊನ್ನೆ. ಮೂರು ಮನೆ ಆಚೆಗೆ ಮತ್ತೆ ಋಣ, ಸುಮಾರು 0.011. ಹೀಗೆ ಬೆಸಸಂಖ್ಯೆಯ ದೂರದಲ್ಲಿ ಮಾತ್ರ ಋಣ, ಅದೂ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತ ಹೋಗುತ್ತದೆ. ಎಲ್ಲ ತೂಕಗಳನ್ನೂ ಕೊನೆಯಿಲ್ಲದೆ ಕೂಡಿಸುತ್ತ ಹೋದರೆ ಮೊತ್ತ ಸರಿಯಾಗಿ ಸೊನ್ನೆ. ಗಣಿತದವರು ಸಾಧಿಸಿ ನೋಡಿ, ಪೈ ವರ್ಗ ಬಂದು ಕೈಕುಲುಕುತ್ತದೆ.

ನಮ್ಮ ಚೌಕಕ್ಕೆ ಇದನ್ನು ಹಾಕೋಣ. ನೆರಳು 0, 10, 0 ಇದ್ದದ್ದು −1, 2.5, −1 ಆಗುತ್ತದೆ. ಹಿಂದಕ್ಕೆ ಬಳಿದು ಕೂಡಿಸಿ. ನಡುಮನೆಗೆ 5, ನಾಲ್ಕು ನೆರೆಮನೆಗಳಿಗೆ 1.5, ಮೂಲೆಗಳಿಗೆ −2. ಮೊದಲು ನೆರೆಮನೆಯ ಭೂತ ನಡುಮನೆಯ ಅರ್ಧದಷ್ಟಿತ್ತು. ಈಗ ಮೂರನೇ ಒಂದಕ್ಕಿಂತ ಕಡಿಮೆ. ಬರೀ ಎರಡು ದಿಕ್ಕಿನಿಂದ ನೋಡಿದ್ದಕ್ಕೇ ಇಷ್ಟು. ನೂರಾರು ದಿಕ್ಕುಗಳಿಂದ ನೋಡಿ ಬಳಿದರೆ ಒಂದರ ಋಣ ಇನ್ನೊಂದರ ಧನವನ್ನು ಅಳಿಸುತ್ತ ಭೂತ ಮಾಯವಾಗಿ, ವಸ್ತು ಮಾತ್ರ ಉಳಿಯುತ್ತದೆ. ಲೆಕ್ಕ ಬರೀ ಗುಣಾಕಾರ, ಸಂಕಲನ. ಫೂರಿಯರ್ ದಾರಿಗಿಂತ ಇದು ಬೇಗ ಮುಗಿಯುತ್ತದೆ, ಹೆಚ್ಚು ನಿಖರವೂ ಹೌದು ಎಂದು ಅವರು 1971ರಲ್ಲಿ ಅಮೆರಿಕದ ನ್ಯಾಶನಲ್ ಅಕಾಡೆಮಿಯ ಪತ್ರಿಕೆಯಲ್ಲಿ ತೋರಿಸಿದರು. ಅದೇ ವರ್ಷ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದೇ ವಿಷಯದ ಲೇಖನಕ್ಕೆ ರಾಮಚಂದ್ರನ್ ಇಟ್ಟ ಹೆಸರಿನ ಅರ್ಥ, ನೆರಳಿನಿಂದ ವಸ್ತುವಿನ ಪುನರ್ನಿರ್ಮಾಣ. ವಿಜ್ಞಾನಿಗೂ ಕವಿಗೂ ದೂರ ಎಷ್ಟು ಅಂತ ನಮ್ಮ ಸಂಘದಲ್ಲಿ ಒಂದು ಚರ್ಚೆಯನ್ನೇ ಇಡಬಹುದು.

ಇದೆಲ್ಲ ಅವರೊಬ್ಬರದೇ ಅಂದರೆ ಸುಳ್ಳಾಗುತ್ತದೆ. ನೆರಳುಗಳಿಂದ ವಸ್ತುವನ್ನು ಪಡೆಯಬಹುದೆಂಬ ಗಣಿತವನ್ನು ಆಸ್ಟ್ರಿಯಾದ ರಾಡೋನ್ 1917ರಲ್ಲೇ ಬರೆದಿದ್ದರು. ರೇಡಿಯೋ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲಿ ಇಂಥದೇ ದಾರಿ ಕಂಡಿದ್ದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿತು. ಅದರ ಲೆಕ್ಕದ ಕ್ರಮ ಬೇರೆಯಾಗಿತ್ತು. ಸಿ.ಟಿ. ಸ್ಕ್ಯಾನಿಗೆ 1979ರ ನೊಬೆಲ್ ಬಂದಾಗ ಅದು ಹೌನ್ಸ್‌ಫೀಲ್ಡ್‌ಗೂ, ಮೊದಲೇ ಗಣಿತ ಮಾಡಿದ್ದ ಕಾರ್ಮಾಕ್‌ಗೂ ಹೋಯಿತು. ನಮ್ಮವರಿಗೆ ಅನ್ಯಾಯವಾಯಿತು ಅಂತ ಕೂಗುವ ಮೊದಲು ಒಂದು ಮಾತು ನೆನೆಯಬೇಕು: ರಾಮಚಂದ್ರನ್ ಯಂತ್ರ ಕಟ್ಟಲಿಲ್ಲ. ಆದರೆ ಆಮೇಲೆ ಜಗತ್ತಿನ ಸ್ಕ್ಯಾನ್ ಯಂತ್ರಗಳು ದಶಕಗಟ್ಟಲೆ ನಡೆದದ್ದು ನೆರಳನ್ನು ಸೋಸಿ ಹಿಂದಕ್ಕೆ ಬಳಿಯುವ ದಾರಿಯಲ್ಲೇ. ಈಗ ಬೇರೆ ವಿಧಾನಗಳೂ ಸೇರಿವೆ. ರಾಮ್-ಲಾಕ್‌ಗೂ ದೋಷವಿದೆ; ಅಂಚುಗಳನ್ನು ಚೂಪು ಮಾಡುವಾಗ ಅದು ಗದ್ದಲವನ್ನೂ ಎತ್ತಿ ತೋರಿಸುತ್ತದೆ. 1974ರಲ್ಲಿ ಶೆಪ್ ಮತ್ತು ಲೋಗನ್ ಅದನ್ನು ಸ್ವಲ್ಪ ಮೆತ್ತಗೆ ಮಾಡಿದರು. ನಮ್ಮ ಲ್ಯಾಬಿನ ಮುಂದಿನ ಅಭ್ಯಾಸವೇ ಈ ಎರಡನ್ನೂ ಹೋಲಿಸುವುದು. ಕ್ರಿಕ್ ಕೊಟ್ಟ ಪೆಟ್ಟಿನಿಂದ ನಕ್ಷೆ ಬರೆದವರಿಗೆ ಇದರಿಂದ ಬೇಸರವಾಗಿರಲಾರದು ಅಂತ ನನ್ನ ಊಹೆ.

ರಾಮಚಂದ್ರನ್ 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ಮುಂದಿನ ವರ್ಷಗಳಲ್ಲಿ ಅವರ ಮನಸ್ಸು ತರ್ಕಶಾಸ್ತ್ರ ಮತ್ತು ಗಣಿತದ ಕಡೆಗೆ ಹೊರಳಿತು. ಕೊನೆಯ ಕಾಲ ಸುಖದ್ದಾಗಿರಲಿಲ್ಲ. ಪಾರ್ಕಿನ್ಸನ್ ರೋಗ ಹಿಡಿಯಿತು. 1945ರಲ್ಲಿ ಕೈಹಿಡಿದ ಮಡದಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. 1999ರಲ್ಲಿ ಹರಳು ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ತನ್ನ ದೊಡ್ಡ ಗೌರವವಾದ ಎವಾಲ್ಡ್ ಪ್ರಶಸ್ತಿಯನ್ನು ಕೊಟ್ಟಿತು. ಹೊಗಳಿಕೆ ಬಂದಾಗ ಅದನ್ನು ಹಂಚಿಕೊಳ್ಳುವ ಜೀವ ಪಕ್ಕದಲ್ಲಿರಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅವರು ಕಣ್ಣುಮುಚ್ಚಿದರು. ವಯಸ್ಸು ಎಪ್ಪತ್ತೆಂಟು.

ಅಡ್ಯಾರಿನ ಚರ್ಮ ಸಂಶೋಧನಾ ಸಂಸ್ಥೆಯ ಸಭಾಂಗಣಕ್ಕೆ ಟ್ರಿಪಲ್ ಹೆಲಿಕ್ಸ್ ಎಂದು ಹೆಸರು. ಮೂರೆಳೆಯ ಹುರಿ ಅಂತ ಅರ್ಥ. ಆ ಹೆಸರು ಏಕೆ ಬಂತೆಂದು ಇನ್ನು ಮುಂದೆ ನಮ್ಮ ಸಂಘದವರಿಗಾದರೂ ಗೊತ್ತಿರಲಿ.

ನನ್ನ ರೆಕಾರ್ಡ್ ಬುಕ್ಕಿನ ಆ ಪುಟ ಈಗಲೂ ಇದೆ. ಸಹಿ ಬಿದ್ದಿದೆ, ಅಂಕ ಸಿಕ್ಕಿದೆ. ಮೊನ್ನೆ ಅದರ ಹಿಂಬದಿಯಲ್ಲಿ ಒಂಬತ್ತು ಮನೆಯ ಚೌಕ ಬರೆದು, ಎರಡು ದಿಕ್ಕಿನ ಜತೆ ಎರಡು ಓರೆ ದಿಕ್ಕುಗಳನ್ನೂ ಸೇರಿಸಿ ಕೈಯಲ್ಲೇ ಲೆಕ್ಕ ಹಾಕುತ್ತ ಕೂತೆ. ಎರಡು ಸಲ ತಪ್ಪಿತು. ಸಾಹಿತ್ಯದ ಗೆಳೆಯ ಪಕ್ಕದಲ್ಲಿ ಕೂತು ಕೂಡುವುದರಲ್ಲಿ ನನ್ನ ತಪ್ಪು ಹಿಡಿದ. ಮೂರನೇ ಸಲ ಮಾಡುತ್ತಿದ್ದೇವೆ.